ಫ್ಯಾನ್ ತಿರುಗುತ್ತೆ, ಬಿಸಿ ಮಾತ್ರ ಬರಲ್ಲ!

ಅಮೆರಿಕದ ಹೆದ್ದಾರಿಗಳಲ್ಲಿ ಓಡಾಡಿದವರಿಗೆ ಈ ದೃಶ್ಯ ಹೊಸದಲ್ಲ. ಮುಂದೆ ಒಂದು ಪಿಕಪ್ ಟ್ರಕ್, ಅದರ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುತ್ತಿರುವ ಪುಟ್ಟ ಮನೆ. ಅದೇ ಟ್ರಾವೆಲ್ ಟ್ರೇಲರ್. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್, ಬಾತ್‌ರೂಮ್ ಎಲ್ಲ ಇರುತ್ತೆ. ಬೇಸಿಗೆಯಲ್ಲಿ ಇದರಷ್ಟು ಸುಖ ಇನ್ನೊಂದಿಲ್ಲ. ಆದರೆ ಅಕ್ಟೋಬರ್ ಬಂತು ಅಂದ್ರೆ ಕೊಲೊರಾಡೊ, ಯೂಟಾದ ಎತ್ತರದ ಜಾಗಗಳಲ್ಲಿ ರಾತ್ರಿ ತಾಪಮಾನ ಸೊನ್ನೆಗಿಂತ ಕೆಳಗಿಳಿಯುತ್ತೆ. ಆಗ ಎಲ್ಲರ ನಿದ್ದೆಯೂ ಒಂದು ಪೆಟ್ಟಿಗೆಯ ಕೈಯಲ್ಲಿರುತ್ತೆ. ಅದು ಪ್ರೊಪೇನ್ ಫರ್ನೇಸ್.

ಡೆನ್ವರ್‌ನಲ್ಲಿರುವ ನಾವು ನಾಲ್ಕು ವರ್ಷದಿಂದ ಒಂದು ಸೆಕೆಂಡ್ ಹ್ಯಾಂಡ್ ಟ್ರೇಲರ್ ಇಟ್ಟುಕೊಂಡಿದ್ದೇವೆ. ಬೆಂಗಳೂರಿಂದ ಬಂದು ಇಲ್ಲಿ ಆರ್‌ವಿ ಬಾಡಿಗೆಗೆ ತಗೊಳ್ಳೋ ಸ್ನೇಹಿತರಿಂದ ನಡುರಾತ್ರಿ ನನಗೆ ಬರೋ ಮೆಸೇಜ್ ಹೆಚ್ಚು ಕಡಿಮೆ ಒಂದೇ ಥರ ಇರುತ್ತೆ: "ಫ್ಯಾನ್ ತಿರುಗ್ತಿದೆ, ಬಿಸಿ ಬರ್ತಿಲ್ಲ. ಗ್ಯಾಸ್ ಖಾಲಿನಾ?" ಸಿಲಿಂಡರ್ ನೋಡಿದ್ರೆ ಗ್ಯಾಸ್ ಇರುತ್ತೆ. ತೊಂದರೆ ಬೇರೆಲ್ಲೋ ಇರುತ್ತೆ. ಅದನ್ನು ಹುಡುಕೋಕೆ ಎಂಜಿನಿಯರ್ ಆಗಿರಬೇಕಿಲ್ಲ. ಫರ್ನೇಸ್ ಯಾವ ಕ್ರಮದಲ್ಲಿ ಕೆಲಸ ಮಾಡುತ್ತೆ ಅಂತ ಗೊತ್ತಿದ್ದು, ಎರಡು ನಿಮಿಷ ಸುಮ್ಮನೆ ಕಿವಿಗೊಟ್ಟು ಕೂತರೆ ಅರ್ಧ ಉತ್ತರ ಸಿಗುತ್ತೆ.

ಒಂದೊಂದೇ ಬಾಗಿಲು ತೆರೆಯಬೇಕು

ಈ ಫರ್ನೇಸ್ ಗ್ಯಾಸ್‌ನಿಂದ ಉರಿಯುತ್ತೆ ನಿಜ, ಆದರೆ ಶುರುವಾಗೋದು 12 ವೋಲ್ಟ್ ಕರೆಂಟಿನಿಂದ. ಒಳಗೆ ಒಂದು ಮೋಟಾರು. ಅದಕ್ಕೆ ಎರಡು ಚಕ್ರ. ಒಂದು ಚಕ್ರ ಕೋಣೆಯ ಗಾಳಿಯನ್ನು ಎಳೆದು, ಕಾದ ಲೋಹದ ಕೊಠಡಿಯ ಸುತ್ತ ಹಾಯಿಸಿ ವಾಪಸ್ ಕೋಣೆಗೆ ಊದುತ್ತೆ. ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ತಂದು ಉರಿಗೆ ಕೊಟ್ಟು, ಹೊಗೆಯನ್ನು ಹೊರಗೇ ಬಿಡುತ್ತೆ. ಈ ಎರಡು ಗಾಳಿಗಳು ಎಂದೂ ಬೆರೆಯಬಾರದು. ನಮ್ಮ ಸುರಕ್ಷತೆ ಪೂರ್ತಿ ನಿಂತಿರೋದು ಇದರ ಮೇಲೆ.

ಥರ್ಮೋಸ್ಟಾಟ್ ತಿರುಗಿಸಿದ ಮೇಲೆ ನಡೆಯೋದು ಹೀಗೆ:

1. ಥರ್ಮೋಸ್ಟಾಟ್ "ಬಿಸಿ ಬೇಕು" ಅಂತ ಸೂಚನೆ ಕಳಿಸುತ್ತೆ. ಮೊದಲು ತಿರುಗೋದು ಫ್ಯಾನ್ ಮಾತ್ರ.

2. ಫ್ಯಾನ್ ಸಾಕಷ್ಟು ವೇಗ ಹಿಡಿದಾಗ ಅದರ ಗಾಳಿ ಒಂದು ತೆಳ್ಳನೆಯ ತಗಡಿನ ರೆಕ್ಕೆಯನ್ನು ತಳ್ಳುತ್ತೆ. ಇದರ ಹೆಸರು ಸೇಲ್ ಸ್ವಿಚ್, ಅಂದರೆ ದೋಣಿಯ ಹಾಯಿಯಂಥ ಸ್ವಿಚ್. ಗಾಳಿ ಸಾಲದಿದ್ರೆ ಇದು ಒತ್ತೋದಿಲ್ಲ. ಒತ್ತದಿದ್ರೆ ಮುಂದೇನೂ ನಡೆಯಲ್ಲ.

3. ಅದರ ಜೊತೆಗೇ ಲಿಮಿಟ್ ಸ್ವಿಚ್ ಅಂತ ಇನ್ನೊಂದಿದೆ. ಒಳಗೆ ವಿಪರೀತ ಕಾದರೆ ಅದು ಸಂಪರ್ಕ ಕಡಿದುಹಾಕುತ್ತೆ.

4. ಎರಡೂ ಸರಿಯಿದ್ದರೆ ಸರ್ಕ್ಯೂಟ್ ಬೋರ್ಡ್‌ಗೆ ಕರೆಂಟ್ ಹೋಗುತ್ತೆ. ಬೋರ್ಡ್ ಹದಿನೈದು ಸೆಕೆಂಡಿನಷ್ಟು ಕಾಯುತ್ತೆ. ಹಳೇ ಗ್ಯಾಸ್ ಏನಾದರೂ ಉಳಿದಿದ್ದರೆ ಫ್ಯಾನ್ ಅದನ್ನು ಹೊರಗೆ ತಳ್ಳಲಿ ಅಂತ.

5. ಆಮೇಲೆ ಗ್ಯಾಸ್ ವಾಲ್ವ್ ತೆರೆಯುತ್ತೆ, ಟಿಕ್ ಟಿಕ್ ಅಂತ ಕಿಡಿ ಹಾರುತ್ತೆ, "ಭಗ್" ಅಂತ ಉರಿ ಹೊತ್ತಿಕೊಳ್ಳುತ್ತೆ.

6. ಉರಿ ಇದೆಯಾ ಅಂತ ಬೋರ್ಡ್ ಒಂದು ಲೋಹದ ಕಡ್ಡಿಯ ಮೂಲಕ ನೋಡುತ್ತೆ. ಕಾಣದಿದ್ರೆ ಕೂಡಲೇ ಗ್ಯಾಸ್ ನಿಲ್ಲಿಸುತ್ತೆ. ಎಷ್ಟೋ ಮಾಡೆಲ್‌ಗಳು ಮೂರು ಸಲ ಪ್ರಯತ್ನಿಸಿ ತಾವೇ ಲಾಕ್ ಆಗುತ್ತವೆ.

ಎಲ್ಲಿ ನಿಂತಿತು?

ಈಗ ಥರ್ಮೋಸ್ಟಾಟನ್ನು ಒಮ್ಮೆ ಆಫ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ. ಟಿವಿ, ಹಾಡು ಎಲ್ಲ ಬಂದ್. ಬರೀ ಸದ್ದು ಕೇಳಿಸಿಕೊಳ್ಳಿ.

*ಏನೂ ಸದ್ದಿಲ್ಲ.* ಗ್ಯಾಸ್ ವಿಚಾರ ಮರೆತುಬಿಡಿ. ಇದು ಕರೆಂಟಿನ ತೊಂದರೆ. ಫ್ಯೂಸ್ ಹೋಗಿದೆಯಾ, ಬ್ಯಾಟರಿ ಪೂರ್ತಿ ಇಳಿದಿದೆಯಾ, ಥರ್ಮೋಸ್ಟಾಟ್ ಸರಿಯಿದೆಯಾ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಫರ್ನೇಸ್ ಮೇಲೇ ಒಂದು ಆನ್-ಆಫ್ ಸ್ವಿಚ್ ಇರುತ್ತೆ. ಅದನ್ನೂ ನೋಡಿ.

*ಫ್ಯಾನ್ ಇದೆ, ಟಿಕ್ ಟಿಕ್ ಇಲ್ಲ.* ನಡುರಾತ್ರಿ ಮೆಸೇಜುಗಳಲ್ಲಿ ಇದೇ ಜಾಸ್ತಿ. ಎರಡನೇ ಅಥವಾ ಮೂರನೇ ಹೆಜ್ಜೆಯಲ್ಲಿ ನಿಂತಿದೆ ಅಂತ ಅರ್ಥ. ಮೊದಲ ಅನುಮಾನ ಬ್ಯಾಟರಿ ಮೇಲೆ. ವೋಲ್ಟೇಜ್ ಕಡಿಮೆಯಾದರೂ ಫ್ಯಾನ್ ತಿರುಗುತ್ತೆ, ಆದರೆ ರೆಕ್ಕೆ ತಳ್ಳುವಷ್ಟು ವೇಗ ಬರಲ್ಲ. ಫರ್ನೇಸ್‌ಗೆ ತಲುಪೋ ವೋಲ್ಟೇಜ್ 10.5ರ ಹತ್ತಿರ ಬಂತು ಅಂದರೆ ನಂಬಿಕೆ ಇಡಬೇಡಿ. ಫ್ಯಾನ್ ಸದ್ದು ಎಂದಿಗಿಂತ ಮೆತ್ತಗಿದ್ದರೆ ಅದೇ ಸುಳಿವು. ಎರಡನೆಯದು, ಗಾಳಿ ಒಳಗೆ ಎಳೆದುಕೊಳ್ಳುವ ಜಾಲರಿ. ಚಿಕ್ಕ ಜಾಗ ನೋಡಿ, ನಮ್ಮವರು ಸೂಟ್‌ಕೇಸನ್ನು ಸರಿಯಾಗಿ ಅದಕ್ಕೇ ಒರಗಿಸಿ ಇಟ್ಟಿರ್ತಾರೆ! ಮೂರನೆಯದು, ಸೇಲ್ ಸ್ವಿಚ್‌ಗೇ ಧೂಳು ಕೂದಲು ಸಿಕ್ಕಿಕೊಂಡಿರೋದು.

*ಟಿಕ್ ಟಿಕ್ ಇದೆ, ಉರಿ ಹೊತ್ತಲ್ಲ.* ಈಗ ಗ್ಯಾಸ್ ಕಡೆ ನೋಡಿ. ಒಲೆಯ ಒಂದು ಬರ್ನರ್ ಹಚ್ಚಿ ನೋಡೋದು ಸುಲಭದ ಪರೀಕ್ಷೆ. ಸಿಲಿಂಡರ್ ಈಗಷ್ಟೇ ಬದಲಾಯಿಸಿದ್ದರೆ ಪೈಪಿನಲ್ಲಿ ಗಾಳಿ ಸೇರಿರುತ್ತೆ, ಒಲೆ ಸ್ವಲ್ಪ ಹೊತ್ತು ಉರಿದರೆ ಅದು ಹೋಗುತ್ತೆ. ಸಿಲಿಂಡರ್ ವಾಲ್ವನ್ನು ಯಾವತ್ತೂ ನಿಧಾನವಾಗಿ ತಿರುಗಿಸಿ. ರಭಸವಾಗಿ ತೆರೆದರೆ ಪೈಪ್ ಒಡೆದಿದೆ ಅಂತ ಒಳಗಿನ ಸುರಕ್ಷಾ ವ್ಯವಸ್ಥೆ ತಿಳಿದು ಗ್ಯಾಸನ್ನು ತಡೆಹಿಡಿಯುತ್ತೆ. ಹಾಗಾಗಿದ್ದರೆ ಮುಚ್ಚಿ, ಸ್ವಲ್ಪ ಕಾದು, ಮೆಲ್ಲಗೆ ತೆರೆಯಿರಿ. ಒಲೆ ಚೆನ್ನಾಗಿ ಉರೀತಿದ್ದು, ಫರ್ನೇಸ್ ಶುರುವಾದ ಕೂಡಲೇ ಅದರ ಜ್ವಾಲೆ ಕುಗ್ಗಿದರೆ ರೆಗ್ಯುಲೇಟರ್ ಮೇಲೆ ಅನುಮಾನಪಡಿ.

*ಉರಿ ಹೊತ್ತಿ, ಕೆಲವೇ ಸೆಕೆಂಡಲ್ಲಿ ಆರುತ್ತೆ.* ಉರಿ ಇರೋದು ಬೋರ್ಡ್‌ಗೆ ಕಾಣ್ತಿಲ್ಲ, ಇಲ್ಲವೇ ಗ್ಯಾಸ್ ಒತ್ತಡ ಸಾಲ್ತಿಲ್ಲ. ಇದು ಮೆಕ್ಯಾನಿಕ್ ಕೆಲಸ.

*ಚೆನ್ನಾಗಿ ಬಿಸಿ ಬಂದು, ಹತ್ತಿಪ್ಪತ್ತು ನಿಮಿಷಕ್ಕೆ ಉರಿ ನಿಂತು ಬರೀ ಫ್ಯಾನ್ ಓಡುತ್ತೆ.* ಲಿಮಿಟ್ ಸ್ವಿಚ್ ಕಡಿದಿರಬಹುದು. ಬಿಸಿಗಾಳಿ ಬರೋ ಕಿಂಡಿಗಳನ್ನು ಮುಚ್ಚಿದ್ದೀರಾ ನೋಡಿ. ಮಲಗುವ ಕಡೆ ಬಿಸಿ ಹೆಚ್ಚಾಯ್ತು ಅಂತ ಕಿಂಡಿ ಮುಚ್ಚೋದು, ಅದರ ಮೇಲೆ ಕಂಬಳಿ ಬೀಳೋದು ಸಾಮಾನ್ಯ.

ಇದರ ಜೊತೆಗೆ ಬೋರ್ಡ್ ಮೇಲೆ ಒಂದು ಪುಟ್ಟ ದೀಪ ಎಷ್ಟು ಸಲ ಮಿನುಗುತ್ತೆ ಅನ್ನೋದೂ ಒಂದು ಸಂಕೇತ. ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ನಿಮ್ಮ ಮಾಡೆಲ್‌ನ ಕೈಪಿಡಿಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ. ಕ್ಯಾಂಪ್‌ಗ್ರೌಂಡ್‌ನಲ್ಲಿ ಸಿಗ್ನಲ್ ಇರುತ್ತೆ ಅನ್ನೋ ಭರವಸೆ ಇಲ್ಲ.

ಮರಳುದಿಬ್ಬದ ರಾತ್ರಿ

ನಮಗೆ ಇದು ಎದುರಾಗಿದ್ದು ಕೊಲೊರಾಡೊದ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ. ಸಮುದ್ರಮಟ್ಟದಿಂದ 8,000 ಅಡಿಗೂ ಹೆಚ್ಚು ಎತ್ತರ. ಅಲ್ಲಿನ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟ್ ಸಂಪರ್ಕವಿಲ್ಲ. ಅಕ್ಟೋಬರ್ ತಿಂಗಳು, ಹಾಸನದಿಂದ ಬಂದಿದ್ದ ಅಮ್ಮ ಜೊತೆಗಿದ್ದರು. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಫ್ಯಾನ್ ಓಡ್ತಿತ್ತು, ಕಿಂಡಿಯಿಂದ ತಣ್ಣನೆ ಗಾಳಿ.

"ಒಲೆ ಹಚ್ಚಿಬಿಡೇ, ಒಂದು ಗಂಟೇಲಿ ಬೆಚ್ಚಗಾಗುತ್ತೆ" ಅಂದರು ಅಮ್ಮ.

"ಬೇಡಮ್ಮ, ಮುಚ್ಚಿದ ಪೆಟ್ಟಿಗೆ ಇದು" ಅಂದೆ.

ನನ್ನ ಗಂಡ ಥರ್ಮೋಸ್ಟಾಟ್ ಆರಿಸಿ ಮತ್ತೆ ಹಾಕಿದ. ಮೂವರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡೆವು. ಫ್ಯಾನ್ ಜೋರಾಗಿಯೇ ಇತ್ತು. ಬ್ಯಾಟರಿ ಮೀಟರ್ 12.4 ತೋರಿಸ್ತಿತ್ತು. ಜಾಲರಿ ಎದುರು ಏನೂ ಇರಲಿಲ್ಲ. ಆದರೂ ಟಿಕ್ ಟಿಕ್ ಬರಲಿಲ್ಲ. "ಅಳಿಯಂದ್ರೆ, ಕಡ್ಡಿ ಗೀರೋ ಸದ್ದೇ ಇಲ್ವಲ್ಲ" ಅಂದರು ಅಮ್ಮ. ಹೌದು, ತೊಂದರೆ ಕಿಡಿಗಿಂತ ಹಿಂದೆಯೇ ಇತ್ತು. ಕತ್ತಲಲ್ಲಿ, ಆ ಚಳಿಯಲ್ಲಿ ಫರ್ನೇಸ್ ಬಿಚ್ಚೋದು ಬೇಡ ಅಂತ ತೀರ್ಮಾನಿಸಿ ಥರ್ಮೋಸ್ಟಾಟ್ ಆಫ್ ಮಾಡಿದೆವು. ಕಿಟಕಿ ತೆರೆದು, ಒಲೆ ಮೇಲಿನ ಫ್ಯಾನ್ ಹಾಕಿ ಐದು ನಿಮಿಷ ನೀರು ಕಾಯಿಸಿ ಒಲೆ ಆರಿಸಿದೆವು. ಅಮ್ಮ ಆ ನೀರನ್ನು ಬಾಟಲಿಗಳಿಗೆ ತುಂಬಿ, ಉಣ್ಣೆ ಕಾಲುಚೀಲದಲ್ಲಿ ಸುತ್ತಿ ಎಲ್ಲರ ಕಾಲ ಹತ್ತಿರ ಇಟ್ಟರು. ಬೆಳಗಿನವರೆಗೆ ಅದೇ ನಡೆಸಿತು.

ಮರುದಿನ ಅಲಮೋಸಾ ಪಟ್ಟಣದ ಮೆಕ್ಯಾನಿಕ್ ಮೀಟರ್ ಹಿಡಿದು ತೋರಿಸಿದ: ಫ್ಯಾನ್ ಓಡ್ತಿರುವಾಗ ಸೇಲ್ ಸ್ವಿಚ್‌ನ ಈ ಬದಿಗೆ 12 ವೋಲ್ಟ್ ಬರ್ತಿದೆ, ಆ ಬದಿಗೆ ದಾಟ್ತಿಲ್ಲ. ಬಿಚ್ಚಿದರೆ ರೆಕ್ಕೆಯ ಬುಡದಲ್ಲಿ ಸುತ್ತಿಕೊಂಡಿದ್ದು ನಾಯಿ ಕೂದಲು! ನಮ್ಮ ಮನೆಯಲ್ಲಿ ನಾಯಿಯೇ ಇಲ್ಲ. ಹಿಂದಿನ ಮಾಲೀಕರ ನಾಯಿ ಬಿಟ್ಟುಹೋದ ಆಸ್ತಿ ಅದು. ಹೊಸ ಸ್ವಿಚ್ ಹಾಕಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ. ಹೋಗುವಾಗ ಹೇಳಿದ ಮಾತು ಮಾತ್ರ ಗಟ್ಟಿಯಾಗಿ ಉಳಿಯಿತು. ಕೆಲವರು ಈ ಸ್ವಿಚ್‌ನ ಎರಡು ವೈರನ್ನು ನೇರ ಜೋಡಿಸಿ ಫರ್ನೇಸ್ ಓಡಿಸ್ತಾರಂತೆ. ಹಾಗೆ ಮಾಡಿದರೆ ಗಾಳಿ ಇಲ್ಲದಿದ್ದರೂ ಉರಿ ಹೊತ್ತುತ್ತೆ. ಹೊಗೆ ಹೊರಗೆ ಹೋಗಲೇಬೇಕು ಅಂತ ಹಿಡಿದಿಡುವ ಕಾವಲುಗಾರನನ್ನೇ ಮನೆಗೆ ಕಳಿಸಿದ ಹಾಗೆ.

ಬ್ಯಾಟರಿ ಲೆಕ್ಕ, ಗ್ಯಾಸ್ ಲೆಕ್ಕ

ಚಳಿಗೆ ಗ್ಯಾಸ್ ಹೆಪ್ಪುಗಟ್ಟುತ್ತಾ ಅಂತ ಕೆಲವರು ಕೇಳ್ತಾರೆ. ನಮ್ಮೂರ ಅಡುಗೆ ಸಿಲಿಂಡರ್‌ನಲ್ಲಿ ಪ್ರೊಪೇನ್, ಬ್ಯುಟೇನ್ ಎರಡೂ ಬೆರೆತಿರುತ್ತವೆ. ಬ್ಯುಟೇನ್ ಸೊನ್ನೆ ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಅನಿಲವಾಗೋದನ್ನು ನಿಲ್ಲಿಸುತ್ತೆ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಅನಿಲವಾಗುತ್ತೆ. ಇಲ್ಲಿ ಟ್ರೇಲರ್‌ಗೆ ಪ್ರೊಪೇನ್ ಬಳಸೋದು ಅದಕ್ಕೇ.

ಸುಮಾರು 9 ಕಿಲೋ ಹಿಡಿಯುವ 20 ಪೌಂಡ್ ಸಿಲಿಂಡರ್ ತುಂಬಿದ್ದರೆ, 30,000 ಬಿಟಿಯು ಫರ್ನೇಸ್ ಒಟ್ಟು 14 ಗಂಟೆಯಷ್ಟು ಉರಿಯಬಲ್ಲದು. ರಾತ್ರಿಯಿಡೀ ಬಿಟ್ಟು ಬಿಟ್ಟು ಉರಿಯೋದರಿಂದ ಎರಡು ಮೂರು ರಾತ್ರಿಗೆ ಸಾಕು. ಬ್ಯಾಟರಿ ಕಥೆ ಬೇರೆ. ಫ್ಯಾನ್‌ಗೆ 8 ಆಂಪ್ ಬೇಕು ಅಂದುಕೊಳ್ಳಿ. 100 ಆಂಪ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು. ಅಂದರೆ 50 ಭಾಗಿಸು 8, ಆರು ಗಂಟೆ ಚಿಲ್ಲರೆ. ಕರೆಂಟ್ ಸಂಪರ್ಕ ಇಲ್ಲದ ಕಡೆ ಗ್ಯಾಸ್‌ಗಿಂತ ಮೊದಲು ಮುಗಿಯೋದು ಬ್ಯಾಟರಿ. ಅದಕ್ಕೇ ರಾತ್ರಿ ಪೂರ್ತಿ ಲೈಟು, ಫೋನ್ ಚಾರ್ಜರ್‌ಗಳನ್ನೂ ಅದರ ಮೇಲೆ ಹೇರಬೇಡಿ.

ಕೈ ಹಾಕಬಾರದ ಜಾಗ

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ತಲೆನೋವು, ವಾಕರಿಕೆ, ತಲೆಸುತ್ತು ಮೊದಲ ಲಕ್ಷಣ. ನಿದ್ದೆಯಲ್ಲಿರುವವರಿಗೆ ಅದೂ ಗೊತ್ತಾಗಲ್ಲ. ಬೆಂಗಳೂರಿನಲ್ಲಿ ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್‌ನಿಂದ ಆದ ಸಾವುಗಳನ್ನು ನಾವೆಲ್ಲ ಓದಿದ್ದೇವೆ. ಇಲ್ಲೂ ಅದೇ ಅನಿಲ, ಜಾಗ ಮಾತ್ರ ಬೇರೆ.

ಹಾಗಾಗಿ ಈ ನಾಲ್ಕರಲ್ಲಿ ರಾಜಿ ಬೇಡ:

• ಒಲೆ ಇರೋದು ಅಡುಗೆಗೆ. ಕೋಣೆ ಬೆಚ್ಚಗೆ ಮಾಡೋಕೆ ಅದನ್ನು ಉರಿಸಿ ಮಲಗಬೇಡಿ. ಇದ್ದಿಲಿನ ಗ್ರಿಲ್ ಅಂತೂ ಒಳಗೆ ತರಲೇಬೇಡಿ.

• ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಲೈಟ್ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ. ಸಿಲಿಂಡರ್ ಹೊರಗೇ ಇರುತ್ತೆ, ವಾಲ್ವ್ ಮುಚ್ಚಿ. ದೂರ ಹೋಗಿ ಫೋನ್ ಮಾಡಿ.

• ಅಲಾರಂ ಕೂಗಿದರೆ ಅದನ್ನು ಆರಿಸಿ ಮಲಗಬೇಡಿ. ಹೊರಗೆ ಬಂದು 911ಕ್ಕೆ ಕರೆ ಮಾಡಿ.

• ಗ್ಯಾಸ್ ವಾಲ್ವ್, ಬರ್ನರ್, ಉರಿಯುವ ಕೊಠಡಿ ಇವನ್ನು ಬಿಚ್ಚೋದು ಕಲಿತವರ ಕೆಲಸ. ಹೊರಗಿನ ಹೊಗೆಕಿಂಡಿಯಲ್ಲಿ ಕಣಜದ ಗೂಡೋ ಜೇಡನ ಬಲೆಯೋ ಇದೆಯಾ ಅಂತ ನೋಡೋದು ನಮ್ಮ ಕೆಲಸ. ಅದನ್ನು ಹೊರಡುವ ಮೊದಲೇ ನೋಡಿ.

ಬಾಡಿಗೆ ಆರ್‌ವಿ ತಗೊಳ್ಳೋರಿಗೆ

ಕೀ ಕೈಗೆ ಬಂದ ಕೂಡಲೇ ಸೆಲ್ಫಿ ತೆಗೆಯೋ ಮೊದಲು ಹತ್ತು ನಿಮಿಷ ಕೊಡಿ. ಹೊರಗೆ ಬಿಸಿಲಿದ್ದರೂ ಸರಿ, ಅವರ ಎದುರೇ ಫರ್ನೇಸ್ ಹಾಕಿಸಿ ಬಿಸಿಗಾಳಿ ಬರೋವರೆಗೆ ನಿಲ್ಲಿ. ಫ್ಯಾನ್, ಟಿಕ್ ಟಿಕ್, ಭಗ್ ಅನ್ನೋ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ರಾತ್ರಿ ಏನಾದರೂ ಕೆಟ್ಟರೆ ಹೋಲಿಸೋಕೆ ಅದಕ್ಕಿಂತ ಒಳ್ಳೆಯದಿಲ್ಲ. ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂನ ಟೆಸ್ಟ್ ಬಟನ್ ಒತ್ತಿ, ಅವಧಿ ಮುಗಿದಿಲ್ಲ ಅಂತ ದಿನಾಂಕ ನೋಡಿಕೊಳ್ಳಿ. ಫ್ಯೂಸ್ ಎಲ್ಲಿದೆ, ಸಿಲಿಂಡರ್ ವಾಲ್ವ್ ಯಾವ ಕಡೆ ತಿರುಗುತ್ತೆ, ತುರ್ತು ಸಹಾಯದ ನಂಬರ್ ಯಾವುದು ಅಂತ ಕೇಳಿ ಬರೆದುಕೊಳ್ಳಿ. ಫರ್ನೇಸ್ ಎಷ್ಟೇ ಚೆನ್ನಾಗಿದ್ದರೂ ತಲೆಗೊಂದು ದಪ್ಪ ಕಂಬಳಿ ಹೆಚ್ಚುವರಿಯಾಗಿ ಹಾಕಿಕೊಳ್ಳಿ. ಕಂಬಳಿಗೆ ಬ್ಯಾಟರಿಯೂ ಬೇಡ, ಗ್ಯಾಸೂ ಬೇಡ.