ಗಣಿ ರಸ್ತೆಯ ಧೂಳು: ನೀರು ಚಿಮುಕಿಸಿದರಷ್ಟೇ ಸಾಲದು

ಸಂಡೂರಿನ ಬೆಟ್ಟಗಳ ಮಣ್ಣು ಕೆಂಪು. ಆ ಕೆಂಪು ಬೆಟ್ಟದಲ್ಲಿಯೇ ಉಳಿದಿದ್ದರೆ ಯಾರದೂ ತಕರಾರು ಇರುತ್ತಿರಲಿಲ್ಲ. ಅದಿರು ತುಂಬಿದ ಟಿಪ್ಪರ್‌ಗಳು ಇಳಿದು ಬರುವ ಹಾದಿಯ ಇಕ್ಕೆಲಗಳಲ್ಲಿ ಮನೆಯ ಗೋಡೆ, ಬೇವಿನ ಮರ, ಮೆಕ್ಕೆಜೋಳದ ಗರಿ, ಒಣಗಲು ಹಾಕಿದ ಬಟ್ಟೆ ಎಲ್ಲವೂ ಅದೇ ಬಣ್ಣಕ್ಕೆ ತಿರುಗುತ್ತವೆ. ತೊಂದರೆ ಇರುವುದು ಅಲ್ಲಿ.

2000ರ ದಶಕದಲ್ಲಿ ಚೀನಾದ ಬೇಡಿಕೆಯಿಂದ ಬಳ್ಳಾರಿಯ ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಬಂದಾಗ ಈ ಧೂಳು ಜಿಲ್ಲೆಯ ಗಡಿ ದಾಟಿ ಬಂದರುಗಳ ದಾರಿಯುದ್ದಕ್ಕೂ ಹರಡಿತು. 2011ರ ಜುಲೈ ತಿಂಗಳಲ್ಲಿ ಲೋಕಾಯುಕ್ತರ ವರದಿ ಹೊರಬಿದ್ದಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಗೆ ತಡೆ ನೀಡಿತು. 2013ರ ಏಪ್ರಿಲ್‌ನಲ್ಲಿ ಪರಿಸರ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆಗಳನ್ನು ಜಾರಿಗೊಳಿಸಬೇಕೆಂಬ ಷರತ್ತಿನೊಡನೆ ಹಲವು ಗಣಿಗಳಿಗೆ ಪುನರಾರಂಭದ ಅವಕಾಶ ದೊರೆಯಿತು. 2022ರ ಆಗಸ್ಟ್‌ನಲ್ಲಿ ನ್ಯಾಯಾಲಯವು ಬಳ್ಳಾರಿಯ ವಾರ್ಷಿಕ ಉತ್ಪಾದನಾ ಮಿತಿಯನ್ನು 2.8 ಕೋಟಿ ಟನ್‌ಗಳಿಂದ 3.5 ಕೋಟಿ ಟನ್‌ಗಳಿಗೆ ಏರಿಸಿತು. 20 ಟನ್ ಹೊರುವ ಟಿಪ್ಪರ್ 10 ಲಕ್ಷ ಟನ್ ಅದಿರನ್ನು ಸಾಗಿಸಲು 50 ಸಾವಿರ ಸಲ ತುಂಬಿ ಹೋಗಬೇಕು, ಅಷ್ಟೇ ಸಲ ಖಾಲಿ ಮರಳಬೇಕು. ಈ ಓಡಾಟದ ಮೊದಲ ಕೆಲವು ಕಿಲೋಮೀಟರ್‌ಗಳು ಸಾಮಾನ್ಯವಾಗಿ ಡಾಂಬರು ಕಾಣದ ಮಣ್ಣಿನ ರಸ್ತೆಗಳೇ ಆಗಿರುತ್ತವೆ. ಆದ್ದರಿಂದ ಆ ರಸ್ತೆಗಳ ಸ್ಥಿತಿಗತಿ ಗಣಿ ಮಾಲೀಕರ ಖಾಸಗಿ ವಿಷಯವಾಗಿ ಉಳಿದಿಲ್ಲ.

ಧೂಳು ಹುಟ್ಟುವ ಬಗೆ

ಭಾರದ ಚಕ್ರಗಳು ರಸ್ತೆಯ ಮೇಲ್ಪದರವನ್ನು ಬೀಸುವ ಕಲ್ಲಿನಂತೆ ಅರೆಯುತ್ತವೆ. ಗರಸು ಪುಡಿಯಾಗುತ್ತದೆ, ಪುಡಿ ಹಿಟ್ಟಾಗುತ್ತದೆ. 0.075 ಮಿಲಿಮೀಟರ್‌ಗಿಂತ ಸಣ್ಣದಾದ ಈ ಹಿಟ್ಟನ್ನು ವಾಹನದ ಹಿಂದೆ ಏಳುವ ಗಾಳಿಯ ಸುಳಿ ಮೇಲಕ್ಕೆತ್ತುತ್ತದೆ. ಹಿಟ್ಟಿನ ಪ್ರಮಾಣ, ವಾಹನದ ತೂಕ, ಅದರ ವೇಗ ಮತ್ತು ನೆಲದ ತೇವ, ಧೂಳಿನ ಲೆಕ್ಕವನ್ನು ನಿರ್ಧರಿಸುವ ಅಂಶಗಳು ಈ ನಾಲ್ಕು. ಇವುಗಳ ಪೈಕಿ ನೀರಿನ ಟ್ಯಾಂಕರ್ ಕೊನೆಯ ಒಂದನ್ನು ಮಾತ್ರ ಬದಲಿಸಬಲ್ಲದು ಎಂಬುದನ್ನು ಗಮನಿಸಬೇಕು.

ದಪ್ಪ ಕಣಗಳು ರಸ್ತೆಯ ಬದಿಯ ಬೆಳೆಯ ಮೇಲೆ ಕುಳಿತು ಎಲೆಗೆ ಬೆಳಕು ತಾಕದಂತೆ ಮಾಡುತ್ತವೆ. 10 ಮೈಕ್ರಾನ್‌ಗಿಂತ ಸಣ್ಣ ಕಣಗಳು ಉಸಿರಿನೊಡನೆ ಒಳಸೇರುತ್ತವೆ, 2.5 ಮೈಕ್ರಾನ್‌ಗಿಂತ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ 10 ಮೈಕ್ರಾನ್‌ವರೆಗಿನ ಕಣಗಳ 24 ಗಂಟೆಗಳ ಸರಾಸರಿ 100 ಮೈಕ್ರೋಗ್ರಾಂ ಮೀರಬಾರದು. ಸಂಡೂರಿನ ಅದಿರಿನೊಡನೆ ಪಟ್ಟೆಪಟ್ಟೆಯಾದ ಕ್ವಾರ್ಟ್ಜೈಟ್ ಶಿಲೆಯೂ ಇರುತ್ತದೆ. ಅದರಲ್ಲಿನ ಸಿಲಿಕಾ ವರ್ಷಗಟ್ಟಲೆ ಎದೆ ಸೇರಿದರೆ ಗುಣವಾಗದ ಸಿಲಿಕೋಸಿಸ್ ರೋಗಕ್ಕೆ ಕಾರಣವಾಗಬಹುದು. ಇನ್ನು ಮುಂದಿನ ವಾಹನದ ಧೂಳಿನಲ್ಲಿ ದಾರಿಯೇ ಕಾಣದೆ ಆಗುವ ಅಪಘಾತಗಳ ಭಯ ಚಾಲಕರಿಗೆ ನಿತ್ಯದ್ದು.

ನೀರಿನ ಲೆಕ್ಕ

ನೀರು ಸುಲಭದ ಉಪಾಯ. ತೇವಗೊಂಡ ಕಣಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗುತ್ತವೆ, ಏಳುವುದಿಲ್ಲ. ಆದರೆ ಬಯಲುಸೀಮೆಯ ಬೇಸಿಗೆಯಲ್ಲಿ ಈ ತೇವ ಉಳಿಯುವುದು ಒಂದೆರಡು ಗಂಟೆ ಮಾತ್ರ. 10 ಮೀಟರ್ ಅಗಲದ, ಒಂದು ಕಿಲೋಮೀಟರ್ ಉದ್ದದ ರಸ್ತೆಗೆ ಚದರ ಮೀಟರ್‌ಗೆ ಒಂದು ಲೀಟರ್‌ನಂತೆ ಹಾಕಿದರೂ ಒಂದು ಸುತ್ತಿಗೆ 10 ಸಾವಿರ ಲೀಟರ್ ಬೇಕು. ದಿನಕ್ಕೆ ಎಂಟು ಸುತ್ತು ಎಂದರೆ 80 ಸಾವಿರ ಲೀಟರ್. ಜಲ ಜೀವನ್ ಮಿಷನ್ ನಿಗದಿಪಡಿಸಿದ ತಲಾ 55 ಲೀಟರ್‌ನ ಲೆಕ್ಕದಲ್ಲಿ ಇದು ಸುಮಾರು 1,450 ಜನರ ಒಂದು ದಿನದ ನೀರು. ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಸಾಧ್ಯವಿದ್ದಲ್ಲಿ ಗಣಿ ಗುಂಡಿಯಲ್ಲಿ ನಿಂತ ಮಳೆನೀರನ್ನೇ ಬಳಸುವುದು ವಿವೇಕ.

ಅತಿಯಾದ ನೀರೂ ಕೇಡೇ. ಕೊಳವೆಯಿಂದ ಒಂದೇ ಕಡೆ ಸುರಿದ ನೀರು ಕೆಸರಾಗಿ, ಕೆಸರು ಚಕ್ರಕ್ಕೆ ಮೆತ್ತಿ, ಹೆದ್ದಾರಿ ಸೇರಿ, ಒಣಗಿ ಮತ್ತೆ ಧೂಳಾಗುತ್ತದೆ. ಇಳಿಜಾರಿನಲ್ಲಿ ತುಂಬಿದ ವಾಹನ ಜಾರುವ ಅಪಾಯ ಬೇರೆ. ಆದ್ದರಿಂದ ಇಳಿಜಾರುಗಳಲ್ಲಿ ಪೂರ್ತಿ ರಸ್ತೆಯನ್ನು ತೋಯಿಸದೆ ಅಲ್ಲಲ್ಲಿ ಒಣ ಪಟ್ಟಿಗಳನ್ನು ಬಿಡುತ್ತಾರೆ. ಸಮನಾಗಿ ತೆಳುವಾಗಿ ಚಿಮುಕಿಸುವ ತೂಬುಗಳು ಕಡಿಮೆ ನೀರಿನಲ್ಲಿ ಹೆಚ್ಚು ಕೆಲಸ ಮಾಡುತ್ತವೆ.

ರಸ್ತೆಯೇ ಮೊದಲ ಮದ್ದು

ಧೂಳಿನ ನಿಜವಾದ ನಿಯಂತ್ರಣ ಆರಂಭವಾಗುವುದು ರಸ್ತೆಯ ನಿರ್ಮಾಣದಲ್ಲಿ. ಒತ್ತಿ ಗಟ್ಟಿಗೊಳಿಸಿದ ತಳ, ಅದರ ಮೇಲೆ ಭಾರ ಹೊರುವ ಒರಟು ಕಲ್ಲಿನ ಪದರ, ಅದರ ಮೇಲೆ ಸವೆತ ತಾಳುವ ಮೇಲ್ಪದರ, ಇದು ಗಣಿ ರಸ್ತೆಯ ಸರಳ ರಚನೆ. ಮೇಲ್ಪದರದ ಮಿಶ್ರಣದಲ್ಲಿಯೇ ಗುಟ್ಟು ಅಡಗಿದೆ. ಜೇಡಿಮಣ್ಣು ಹೆಚ್ಚಾದರೆ ಮಳೆಯಲ್ಲಿ ಜಾರಿಕೆ, ಬೇಸಿಗೆಯಲ್ಲಿ ಧೂಳು. ತೀರ ಕಡಿಮೆಯಾದರೆ ಜಲ್ಲಿಗೆ ಹಿಡಿತವಿಲ್ಲದೆ ಎದ್ದು ಹೋಗುತ್ತದೆ. ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು, ತುಸು ಜೇಡಿ ಹದವಾಗಿ ಬೆರೆತು ರೋಲರ್ ಕೆಳಗೆ ಒತ್ತಿಕೊಂಡಾಗ ಮಾತ್ರ ಮೇಲ್ಮೈ ಬಿಗಿಯಾಗುತ್ತದೆ. ಗಣಿಯ ತ್ಯಾಜ್ಯ ಮಣ್ಣನ್ನೇ ಸುರಿದು ರಸ್ತೆ ಎಂದು ಕರೆದರೆ ಎಷ್ಟು ಟ್ಯಾಂಕರ್ ಓಡಿಸಿದರೂ ಫಲವಿಲ್ಲ.

ಎರಡನೆಯದು ನೀರು ಹರಿದುಹೋಗುವ ವ್ಯವಸ್ಥೆ. ರಸ್ತೆಯ ನಡು ಎತ್ತರವಾಗಿದ್ದು ಎರಡೂ ಅಂಚಿಗೆ ಶೇಕಡ 3ರಷ್ಟು ಇಳಿಜಾರು ಇರಬೇಕು. ಅಂದರೆ 10 ಮೀಟರ್ ಅಗಲದ ರಸ್ತೆಯ ನಡುಭಾಗ ಅಂಚಿಗಿಂತ 15 ಸೆಂಟಿಮೀಟರ್ ಎತ್ತರ. ಬದಿಯಲ್ಲಿ ಹೂಳು ತೆಗೆದ ಚರಂಡಿ, ತಗ್ಗಿನಲ್ಲಿ ಮೋರಿ ಬೇಕು. ನಿಂತ ನೀರು ಗುಂಡಿಯಾಗುತ್ತದೆ, ಗುಂಡಿಯ ಅಂಚನ್ನು ಚಕ್ರ ಒಡೆಯುತ್ತದೆ, ಒಡೆದದ್ದು ಬೇಸಿಗೆಯಲ್ಲಿ ಧೂಳಾಗುತ್ತದೆ. ಮಳೆಗಾಲದ ಉದಾಸೀನಕ್ಕೆ ಬೇಸಿಗೆಯಲ್ಲಿ ದಂಡ ತೆರಬೇಕಾಗುತ್ತದೆ.

ಮೂರನೆಯದು ಗ್ರೇಡರ್‌ನ ಸಕಾಲಿಕ ಬಳಕೆ. ಮೇಲ್ಮೈ ತುಸು ತೇವವಿದ್ದಾಗ ಗುಂಡಿಯ ತಳದವರೆಗೆ ಕೊರೆದು, ಹರಡಿ, ಮತ್ತೆ ಒತ್ತಬೇಕು. ಒಣ ಪುಡಿಯನ್ನು ಗುಂಡಿಗೆ ತಳ್ಳಿ ಹೋದರೆ ಎರಡೇ ದಿನದಲ್ಲಿ ಗುಂಡಿ ಬಾಯ್ದೆರೆಯುತ್ತದೆ. ಕೆರೆದ ಮಣ್ಣನ್ನು ರಸ್ತೆಯಂಚಿನಲ್ಲಿ ದಿಬ್ಬವಾಗಿ ಬಿಟ್ಟರೆ ಅದೇ ನೀರಿಗೆ ಅಡ್ಡಗಟ್ಟೆಯಾಗುತ್ತದೆ.

ರಾಸಾಯನಿಕಗಳ ಇತಿಮಿತಿ

ನೀರನ್ನು ಉಳಿಸಲು ಹಲವು ದ್ರಾವಣಗಳಿವೆ. ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಲವಣಗಳು ಗಾಳಿಯ ತೇವವನ್ನು ಹೀರಿ ನೆಲವನ್ನು ಒದ್ದೆಯಾಗಿಡುತ್ತವೆ. ಕಾಗದದ ಕಾರ್ಖಾನೆಗಳ ಉಪೋತ್ಪನ್ನವಾದ ಲಿಗ್ನೋಸಲ್ಫೋನೇಟ್, ಡಾಂಬರಿನ ಎಮಲ್ಷನ್, ಪಾಲಿಮರ್‌ಗಳು ಕಣಗಳನ್ನು ಅಂಟಿಸುತ್ತವೆ. ಆದರೆ ಗಾಳಿಯೇ ಒಣಗಿದ ಏಪ್ರಿಲ್‌ನಲ್ಲಿ ಲವಣಗಳ ಶಕ್ತಿ ಕುಂದುತ್ತದೆ. ಮಳೆ ಬಂದರೆ ಅವು ಕೊಚ್ಚಿಹೋಗಿ ಹೊಲಕ್ಕೂ ಬಾವಿಗೂ ಸೇರಬಹುದು, ವಾಹನದ ಕಬ್ಬಿಣಕ್ಕೂ ತುಕ್ಕು. ಕೆಟ್ಟ ರಸ್ತೆಯ ಮೇಲೆ ಯಾವ ದ್ರಾವಣವೂ ಬಾಳದು. ಒಳ್ಳೆಯ ರಸ್ತೆಯ ಆಯುಷ್ಯವನ್ನು ಹೆಚ್ಚಿಸುವುದಷ್ಟೇ ಇವುಗಳ ಕೆಲಸ.

ವೇಗ, ಭಾರ, ಹೊದಿಕೆ

ಖರ್ಚಿಲ್ಲದ ಕ್ರಮಗಳೂ ಇವೆ. ವೇಗ ತಗ್ಗಿದಂತೆ ಧೂಳೂ ತಗ್ಗುತ್ತದೆ. ಮಿತಿಮೀರಿ ತುಂಬಿದ ಟಿಪ್ಪರ್‌ನಿಂದ ಉದುರಿದ ಅದಿರನ್ನು ಹಿಂದಿನ ಟಿಪ್ಪರ್ ಪುಡಿಮಾಡುವುದರಿಂದ, ತೂಕದ ಮಿತಿ ಪಾಲನೆ ಮತ್ತು ಟಾರ್ಪಾಲಿನ್ ಹೊದಿಕೆ ಧೂಳನ್ನು ಹುಟ್ಟುವಲ್ಲಿಯೇ ತಡೆಯುತ್ತವೆ. ಗಣಿಯ ಬಾಗಿಲಲ್ಲಿ ಚಕ್ರ ತೊಳೆಯುವ ತೊಟ್ಟಿ ಇದ್ದರೆ ಕೆಸರು ಊರಿನ ರಸ್ತೆ ಸೇರದು. ರಸ್ತೆಯ ಸಂಚಾರವನ್ನೇ ತಪ್ಪಿಸುವ ರೈಲು ಮತ್ತು ಮುಚ್ಚಿದ ಕನ್ವೇಯರ್‌ಗಳು ಶಾಶ್ವತ ಪರಿಹಾರ. ಸಂಡೂರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅಂಥ ಕನ್ವೇಯರ್ ನಿರ್ಮಾಣವಾಗಿದೆ. ಆದರೂ ಗಣಿಯೊಳಗಿನ ಹಾದಿಗಳು ಮಣ್ಣಿನವಾಗಿಯೇ ಉಳಿಯುತ್ತವೆ.

ಒಳ್ಳೆಯ ರಸ್ತೆ ಗಣಿ ಮಾಲೀಕರಿಗೂ ಲಾಭವೇ. ಗಟ್ಟಿ ರಸ್ತೆಯಲ್ಲಿ ಚಕ್ರ ಉರುಳಲು ವಾಹನದ ತೂಕದ ಸುಮಾರು ಶೇಕಡ 2ರಷ್ಟು ಬಲ ಸಾಕು. ಟೈರು ನೆಲದಲ್ಲಿ ಹೂತ ಪ್ರತಿ ಸೆಂಟಿಮೀಟರ್‌ಗೆ ಇದು ಅಂದಾಜು ಶೇಕಡ 0.6ರಷ್ಟು ಏರುತ್ತದೆ. 5 ಸೆಂಟಿಮೀಟರ್ ಹೂತರೆ ಶೇಕಡ 5 ಆಗುತ್ತದೆ. ಸಮತಟ್ಟಾದ ನೆಲದಲ್ಲಿಯೂ ಎಂಜಿನ್ ಎರಡೂವರೆ ಪಟ್ಟು ಎಳೆಯಬೇಕು. ಡೀಸೆಲ್, ಟೈರು, ಸಮಯ ಎಲ್ಲವೂ ಆ ಗುಂಡಿಗಳಲ್ಲಿ ಸೋರಿಹೋಗುತ್ತವೆ.

ಆದ್ದರಿಂದ ತಪಾಸಣೆಗೆ ಬರುವ ಅಧಿಕಾರಿಗಳಾಗಲಿ, ಅಹವಾಲು ಸಭೆಗೆ ಹೋಗುವ ಗ್ರಾಮಸ್ಥರಾಗಲಿ ಟ್ಯಾಂಕರ್ ಎಷ್ಟು ಸುತ್ತು ಹಾಕಿತೆಂದು ಎಣಿಸಿದರೆ ಸಾಲದು. ರಸ್ತೆಯ ನಡು ಎತ್ತರವಾಗಿದೆಯೇ, ಚರಂಡಿ ತೆರೆದಿದೆಯೇ, ಗುಂಡಿ ತುಂಬಿದ್ದಾರೆಯೇ, ಟಿಪ್ಪರ್‌ಗೆ ಹೊದಿಕೆ ಇದೆಯೇ ಎಂದು ಕೇಳಬೇಕು. ಈ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ದೊರೆತಲ್ಲಿ ಟ್ಯಾಂಕರ್‌ನ ಕೆಲಸ ತಾನಾಗಿಯೇ ಕಡಿಮೆಯಾಗುತ್ತದೆ. ಉಳಿದ ನೀರು ಊರಿಗೆ ಸಲ್ಲುತ್ತದೆ.