ತುಮಕೂರಿನಿಂದ ಹಾಯಿದೋಣಿ ಹತ್ತುವುದು ಹೇಗೆ?

ತುಮಕೂರಿನ ಸತ್ಯಮಂಗಲದ ಓದುಗರೊಬ್ಬರು ಕೇಳಿದ್ದಾರೆ: ಕಡಲಿಲ್ಲದ ಊರಿನ ಹುಡುಗರು ಹಾಯಿದೋಣಿ ಕಲಿಯಬಹುದೇ, ಅದರಿಂದ ಕೆಲಸ ಸಿಕ್ಕೀತೇ?

ಕಲಿಯಲು ಕಡಲೇ ಬೇಕಿಲ್ಲ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಾಯಿದೋಣಿಗಳು ಓಡುತ್ತವೆ. ಮಕ್ಕಳು ಸಾಮಾನ್ಯವಾಗಿ ‘ಆಪ್ಟಿಮಿಸ್ಟ್’ ದೋಣಿಯಲ್ಲಿ ಶುರು ಮಾಡುತ್ತಾರೆ. ಉದ್ದ ಸುಮಾರು 2.3 ಮೀಟರ್, ಒಂದೇ ಹಾಯಿ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ಗಾಳಿಗೆ ದೋಣಿ ವಾಲಿದರೆ ಎದುರು ಅಂಚಿಗೆ ಮೈಯೊರಗಿಸಿ ತಡೆಯಬೇಕು. ಈಜು ಬರಲೇಬೇಕು, ಲೈಫ್ ಜಾಕೆಟ್ ಬಿಚ್ಚುವಂತಿಲ್ಲ. ಕೊಡವ ಮನೆತನದ ಕೆ.ಸಿ. ಗಣಪತಿ ಇದೇ ಆಟದಲ್ಲಿ ಟೋಕಿಯೊ ಒಲಿಂಪಿಕ್ಸ್‌ವರೆಗೆ ಹೋದರು.

ಕೆಲಸದ ಮಾತು ಬೇರೆ. ನಮ್ಮಲ್ಲಿ ಹಾಯಿದೋಣಿಗಳಲ್ಲಿ ಸಂಬಳದ ಹುದ್ದೆಗಳು ಬಲು ಕಡಿಮೆ. ಹೆಚ್ಚಿನ ಅವಕಾಶ ಇರುವುದು ಸರಕು ಹಡಗುಗಳಲ್ಲಿ. ಹತ್ತನೇ ತರಗತಿ ಮುಗಿಸಿದವರಿಗೆ ಜಿ.ಪಿ. ರೇಟಿಂಗ್ ಎಂಬ 6 ತಿಂಗಳ ತರಬೇತಿಯಿದೆ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು ಇವುಗಳ ಸರ್ಟಿಫಿಕೇಟ್ ಜೊತೆಗೆ ಸಿ.ಡಿ.ಸಿ. ಎಂಬ ನಾವಿಕರ ಪುಸ್ತಕ ಬೇಕು. ಕಣ್ಣಿನ ಪರೀಕ್ಷೆಯನ್ನು ಮೊದಲೇ ಮಾಡಿಸಿಕೊಳ್ಳಿ. ಬಣ್ಣ ಗುರುತಿಸಲಾಗದಿದ್ದರೆ ಶುಲ್ಕ ಕಟ್ಟಿಯೂ ಪ್ರಯೋಜನವಿಲ್ಲ.

ದಯವಿಟ್ಟು ಇದೊಂದನ್ನು ಮನೆಯವರಿಗೂ ಹೇಳಿ: ಹಡಗಿನ ಕೆಲಸ ಕೊಡಿಸುವ ಏಜೆಂಟರಿಗೆ ಕೇಂದ್ರದ ನೌಕಾಯಾನ ಮಹಾನಿರ್ದೇಶನಾಲಯದ ಆರ್.ಪಿ.ಎಸ್.ಎಲ್. ಪರವಾನಗಿ ಇರಬೇಕು. ಪರವಾನಗಿ ಇದ್ದವರೂ ಕೆಲಸ ಕೊಡಿಸಲು ನಾವಿಕರಿಂದ ಹಣ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ತರಬೇತಿ ಕೇಂದ್ರಕ್ಕೂ ಅದೇ ನಿರ್ದೇಶನಾಲಯದ ಮಾನ್ಯತೆ ಇದೆಯೇ ಎಂದು ಅದರ ಜಾಲತಾಣದಲ್ಲಿ ನೋಡಿಕೊಂಡೇ ಹಣ ಕಟ್ಟಿ.