ಎರೆಯ ಕೆಸರಿಗೆ ಎಂಥ ವಿಂಚ್?

ವಿಂಚ್ ಎಂದರೆ ಒಂದು ಮೋಟಾರು, ಒಂದಿಷ್ಟು ಗೇರು, ಹಗ್ಗ ಸುತ್ತುವ ಒಂದು ಡ್ರಮ್ಮು. ಅದನ್ನು ಜೀಪಿನ ಚಾಸಿಯ ಮುಂಭಾಗಕ್ಕೆ ಬಿಗಿದು, ಬ್ಯಾಟರಿಯಿಂದ ಕರೆಂಟು ಕೊಟ್ಟು, ಹಗ್ಗದ ತುದಿಯನ್ನು ಮರಕ್ಕೆ ಸಿಕ್ಕಿಸಿದರೆ ಹೂತುಹೋದ ಗಾಡಿ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ಕೊಳ್ಳುವವರಿಗೆ ಯಂತ್ರದ ಪರಿಚಯ ಇಷ್ಟು ಸಾಕು. ಉಳಿದದ್ದೆಲ್ಲ ಲೆಕ್ಕ.

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಆ ಲೆಕ್ಕವನ್ನು ನೆಲದಿಂದಲೇ ಶುರು ಮಾಡಬೇಕು. ಹುಮನಾಬಾದ್ ಕಡೆಯ ಎತ್ತರದ ಜಂಬಿಟ್ಟಿಗೆ ನೆಲದಲ್ಲಿ ಮಳೆ ನಿಂತ ಮೇಲೆ ನೀರು ಬೇಗ ಬಸಿದು ದಾರಿ ಗಟ್ಟಿಯಾಗುತ್ತದೆ. ಎರೆ ಹೊಲ ಹಾಗಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದ ಲಾವಾದ ಕಲ್ಲು ಕರಗಿ ಆದ ಮಣ್ಣು ಅದು. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಆರಿದಾಗ ಕೈ ತೂರುವಷ್ಟು ಬಿರಿಯುತ್ತದೆ. ಶ್ರಾವಣದಲ್ಲಿ ತೊಗರಿ ಹೊಲದ ಬದುವಿಗೆ ಇಳಿದ ಗಾಡಿಯ ಟೈರಿಗೆ ಈ ಮಣ್ಣು ಮೆತ್ತಿಕೊಂಡು ಹಿಡಿತವೇ ಉಳಿಯುವುದಿಲ್ಲ. ಚಕ್ರ ತಿರುಗಿದಷ್ಟೂ ಗಾಡಿ ಕುಸಿದು, ಕೊನೆಗೆ ಅದರ ಹೊಟ್ಟೆ ಕೆಸರಿಗೆ ಅಂಟಿ ಕೂರುತ್ತದೆ.

ಹೀಗೆ ಕೂತ ಗಾಡಿಯನ್ನು ಎಳೆಯಲು ಎಷ್ಟು ಬಲ ಬೇಕು? ಅಮೆರಿಕದ ಸೇನೆಯ ಕೈಪಿಡಿಗಳಲ್ಲಿ ಒಂದು ಒಳ್ಳೆಯ ಅಂದಾಜಿದೆ. ಚಕ್ರದ ಮಟ್ಟಕ್ಕೆ ಹೂತರೆ ಗಾಡಿಯ ತೂಕದಷ್ಟು ಬಲ ಬೇಕು, ಮಡ್‌ಗಾರ್ಡಿನ ಮಟ್ಟಕ್ಕೆ ಹೂತರೆ ತೂಕದ ಎರಡರಷ್ಟು. ಹೊರೆ ಸೇರಿ 2,200 ಕಿಲೋ ತೂಗುವ ಜೀಪು ಮಡ್‌ಗಾರ್ಡಿನವರೆಗೆ ಹೂತರೆ 4,400 ಕಿಲೋ ಎಳೆತ ಬೇಕು ಎಂದಾಯಿತು.

ಈಗ ಅಂಗಡಿಗೆ ಹೋಗೋಣ. ಅಗ್ಗದ ಬಗೆಯಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವ ಡಬ್ಬಿಯ ಮೇಲೆ 9500 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅನೇಕರು ಅದನ್ನು ಕಿಲೋ ಎಂದೇ ಓದುತ್ತಾರೆ. ಅದು ಪೌಂಡು; ಕಿಲೋದಲ್ಲಿ ಸುಮಾರು 4,300. ‘ಗಾಡಿಯ ಪೂರ್ತಿ ತೂಕದ ಒಂದೂವರೆ ಪಟ್ಟು’ ಎಂಬ ರೂಢಿಯ ಸೂತ್ರದಂತೆ ನಮ್ಮ ಜೀಪಿಗೆ 3,300 ಸಾಕಾದ್ದರಿಂದ 4,300 ಧಾರಾಳವೆನಿಸುತ್ತದೆ. ಆದರೆ ಆ 4,300 ಕೂಡ ಎಲ್ಲ ಹೊತ್ತಿನಲ್ಲೂ ಸಿಗುವುದಿಲ್ಲ. ನಾನು ಎಷ್ಟು ಸಲ ವಿವರಿಸಿದರೂ ಬೇಸರಪಡದ ವಿಷಯ ಇದೇ.

ಡಬ್ಬಿಯ ಮೇಲಿನ ಬಲ, ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರವಷ್ಟೇ ಉಳಿದಾಗ ಸಿಗುವ ಬಲ. ಗೇರು ಡ್ರಮ್ಮಿಗೆ ಕೊಡುವುದು ತಿರುಚುವ ಬಲವನ್ನು. ಅದನ್ನು ಡ್ರಮ್ಮಿನ ನಟ್ಟನಡುವಿನಿಂದ ಹಗ್ಗಕ್ಕಿರುವ ದೂರದಿಂದ ಭಾಗಿಸಿದರೆ ಎಳೆತ ಸಿಗುತ್ತದೆ. ದೂರ ಹೆಚ್ಚಿದಂತೆ ಎಳೆತ ಇಳಿಯುತ್ತದೆ. 64 ಮಿಲಿಮೀಟರ್ ವ್ಯಾಸದ ಡ್ರಮ್ಮು, 8 ಮಿಲಿಮೀಟರ್ ದಪ್ಪದ ಹಗ್ಗ ಎಂದುಕೊಳ್ಳಿ. ಮೊದಲ ಪದರದ ದೂರ 36 ಮಿಲಿಮೀಟರ್, ಆಮೇಲೆ 44, 52, 60. ಎಳೆತ 4,300ರಿಂದ ಸುಮಾರು 3,500ಕ್ಕೆ, 2,980ಕ್ಕೆ, ನಾಲ್ಕನೇ ಪದರದಲ್ಲಿ 2,580ಕ್ಕೆ ಬರುತ್ತದೆ. ಮೋಟಾರು ಅದೇ, ಕರೆಂಟು ಅದೇ, ಬಲ ಮಾತ್ರ ಅರ್ಧಕ್ಕಿಂತ ತುಸು ಮೇಲೆ!

ಇಂಥ ಡ್ರಮ್ಮಿನ ಮೊದಲ ಪದರದಲ್ಲಿ ಸುಮಾರು 6 ಮೀಟರ್ ಹಗ್ಗ ಹಿಡಿಯುತ್ತದೆ, ಎರಡು ಪದರ ಸೇರಿ 14, ಮೂರು ಸೇರಿ 23. ಒಟ್ಟು ಹಗ್ಗ 28 ಮೀಟರ್ ಇರಲಿ. ಬದುವಿನ ಬೇವಿನ ಮರ 8 ಮೀಟರ್ ದೂರದಲ್ಲಿದ್ದರೆ ಡ್ರಮ್ಮಿನಲ್ಲಿ 20 ಮೀಟರ್ ಉಳಿಯಿತು, ಅಂದರೆ ನೀವು ಮೂರನೇ ಪದರದಲ್ಲಿದ್ದೀರಿ. ಬೇಕಿರುವುದು 4,400, ಕೈಯಲ್ಲಿರುವುದು 2,980. ಗಾಡಿ ಕದಲುವುದಿಲ್ಲ, ಕೊಂಡವರು ವಿಂಚನ್ನು ಬಯ್ಯುತ್ತಾರೆ.

ಈಗ ಅದೇ ಮರಕ್ಕೆ ಒಂದು ರಾಟೆ ಕಟ್ಟಿ. ಹಗ್ಗವನ್ನು ಅದರಲ್ಲಿ ಹಾಯಿಸಿ, ತುದಿಯನ್ನು ಮರಳಿ ತಂದು ಜೀಪಿನ ಚಾಸಿಯ ಗಟ್ಟಿ ಕೊಂಡಿಗೇ ಸಿಕ್ಕಿಸಿ. ಎರಡು ಎಳೆ ಹಗ್ಗ ಗಾಡಿಯನ್ನು ಎಳೆಯುತ್ತವೆ. ಅಲ್ಲದೆ 16 ಮೀಟರ್ ಹೊರಗೆ ಬಂದದ್ದರಿಂದ ಡ್ರಮ್ಮು ಎರಡನೇ ಪದರಕ್ಕೆ ಇಳಿದಿರುತ್ತದೆ. 3,500ರ ಎರಡರಷ್ಟು, 7,000! ತಿಕ್ಕಾಟದಲ್ಲಿ ಸ್ವಲ್ಪ ಹೋದರೂ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಎಳೆಯುವ ವೇಗ ಅರ್ಧವಾಗುತ್ತದೆ. ಎರೆಯ ಅಂಟು ಬಿಡಲು ನಿಧಾನವೇ ಒಳ್ಳೆಯದು. ಒಂದು ಎಚ್ಚರವಿರಲಿ: ಮರದ ಮೇಲೆ, ರಾಟೆಯ ಮೇಲೆ ಆ 7,000 ಕಿಲೋ ಪೂರ್ತಿ ಬೀಳುತ್ತದೆ. ಆದ್ದರಿಂದ ರಾಟೆಯ ತಾಳಿಕೆ ವಿಂಚಿನ ಬಲದ ಎರಡು ಪಟ್ಟಾದರೂ ಇರಬೇಕು, ಮರವೂ ಬಲಿತದ್ದಾಗಿರಬೇಕು, ಅದಕ್ಕೆ ಅಗಲ ಪಟ್ಟಿ ಸುತ್ತಬೇಕು. ಹಣ ಕಡಿಮೆಯಿದ್ದರೆ 12,000 ಪೌಂಡಿನ ವಿಂಚಿಗೆ ಆಸೆಪಡದೆ 9,500ರದ್ದನ್ನೂ ಒಳ್ಳೆಯ ರಾಟೆಯನ್ನೂ ಕೊಳ್ಳಿ ಎಂದೇ ನನ್ನ ಸಲಹೆ.

ಅಗ್ಗದ ಮಾಲಿನಲ್ಲಿ ಕಂಪನಿಗಳು ಉಳಿಸುವುದು ಕೇಬಲ್ಲಿನಲ್ಲಿ. ಪೂರ್ತಿ ಹೊರೆಯಲ್ಲಿ ಇಂಥ ವಿಂಚ್ 12 ವೋಲ್ಟಿನಲ್ಲಿ 400 ಆಂಪಿಯರಿನ ಆಸುಪಾಸು ಎಳೆಯುತ್ತದೆ. ಸಡಿಲ ಟರ್ಮಿನಲ್ಲು, ತೆಳು ತಂತಿ ಸೇರಿ ಬರೇ 0.005 ಓಮ್ ತಡೆಯಾದರೂ 2 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಹೆದ್ದಾರಿ 65ರ ಬದಿಯ ಲಾರಿ ಗ್ಯಾರೇಜುಗಳಲ್ಲಿ ದಪ್ಪ ಕೇಬಲ್ಲಿಗೆ ಒಳ್ಳೆಯ ಲಗ್ಗು ಒತ್ತಿಸಿಕೊಳ್ಳಿ. ಎಳೆಯುವಾಗ ಎಂಜಿನ್ ಓಡುತ್ತಿರಲಿ. ಆದರೂ ಆಲ್ಟರ್ನೇಟರ್ 400 ಆಂಪಿಯರ್ ಕೊಡಲಾರದು, ಕೊರತೆ ತುಂಬುವುದು ಬ್ಯಾಟರಿಯೇ. ಒಂದು ನಿಮಿಷ ಎಳೆದರೆ ಹಲವು ನಿಮಿಷ ಬಿಡುವು ಕೊಡಿ. ಕಾಯಂ ಅಯಸ್ಕಾಂತದ ಮೋಟಾರಾದರೆ ಇನ್ನೂ ಹೆಚ್ಚು. ಅದು ಬೇಗ ಕಾಯುತ್ತದೆ, ಕಾದಂತೆ ಸೋಲುತ್ತದೆ. ಸೀರೀಸ್ ಮೋಟಾರು ಸಿಕ್ಕರೆ ಅದನ್ನೇ ಆರಿಸಿ.

ಉಕ್ಕಿನ ಹಗ್ಗವಾದರೆ ಚರ್ಮದ ಕೈಗವಸು ಹಾಕಿ, ಹಗ್ಗದ ನಡುವೆ ಭಾರದ ಗೋಣಿ ಹೊದಿಸಿ, ಡ್ರಮ್ಮಿನಲ್ಲಿ 5 ಸುತ್ತಾದರೂ ಉಳಿಸಿ. ಬಿಗಿದ ಹಗ್ಗವನ್ನು ಯಾರೂ ದಾಟಬಾರದು, ಮಕ್ಕಳು ಹತ್ತಿರ ಸುಳಿಯಲೇಬಾರದು. ವಿಂಚ್ ಕೂರಿಸಲು ಕಬ್ಬಿಣದ ಬಂಪರ್ ಹಾಕಿಸುವ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ; ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ.

ಸೇನೆಯ ಆ ಅಂದಾಜನ್ನು ನಾನು ಬಳಸಿದೆನಾದರೂ ಅದು ಯಾವ ಕೆಸರಿಗಾದರೂ ಹೇಳಿದ ಮಾತು, ನಮ್ಮ ಎರೆಯಲ್ಲಿ ತೂಗಿ ಹೇಳಿದ್ದಲ್ಲ. ಬಸವಕಲ್ಯಾಣ, ಭಾಲ್ಕಿಯ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನೊಂದು ಪ್ರಾಜೆಕ್ಟ್ ಮಾಡಿಕೊಳ್ಳಲಿ ಎಂದು ಬೇಡುತ್ತೇನೆ. ಮರಕ್ಕೂ ರಾಟೆಗೂ ನಡುವೆ ಒಂದು ತೂಗುತಕ್ಕಡಿ ಸಿಕ್ಕಿಸಿ, ಮೃಗಶಿರದಿಂದ ಹಸ್ತದವರೆಗೆ ಪ್ರತಿ ಮಳೆ ನಕ್ಷತ್ರದಲ್ಲೂ ಅದೇ ಹೊಲದಲ್ಲಿ, ಅದೇ ಗಾಡಿಯನ್ನು ಎಳೆದು ಅಂಕಿ ಬರೆದಿಡಲಿ. ಕಬ್ಬಿನ ಟ್ರಾಲಿ ಹೂತು ರಾತ್ರಿಯಿಡೀ ಹೊಲದಲ್ಲಿ ಕಾಯುವ ರೈತರಿಗೂ ಆ ಅಂಕಿಗಳು ಬೇಕು.